ನಕ್ಷತ್ರ ಯಾವಾಗ, ಗೋದಲಿ ಯಾವಾಗ

ಎಲ್ಲರಿಗೂ ನಮಸ್ಕಾರ.

ನವೆಂಬರ್ ಬಂದರೆ ಸಾಕು, ಮಂಗಳೂರಿನ ಅಂಗಡಿಗಳ ಮುಂದೆ ನಕ್ಷತ್ರಗಳು ತೂಗತೊಡಗುತ್ತವೆ, ಮನೆಯಲ್ಲಿ ಮಕ್ಕಳ ವರಾತ ಶುರುವಾಗುತ್ತದೆ. ಕ್ರಿಸ್ಮಸ್ ಹಬ್ಬ ಯಾವತ್ತು ಆರಂಭಿಸಬೇಕು ಎಂದು ಒಂದೇ ತಾರೀಕು ಹುಡುಕಹೊರಟರೆ ಉತ್ತರ ಸಿಗುವುದಿಲ್ಲ. ಒಂದೊಂದು ಕೆಲಸಕ್ಕೂ ಅದರದ್ದೇ ದಿನ ಇದೆ. ಎಲ್ಲವನ್ನೂ ಡಿಸೆಂಬರ್ 24ರ ರಾತ್ರಿಯಿಂದ ಹಿಂದಕ್ಕೆ ಎಣಿಸಿ.

ಮೊದಲು ಚರ್ಚಿನ ಲೆಕ್ಕ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕನೇ ಭಾನುವಾರ ಆಗಮನ ಕಾಲ ಶುರು. 25ನೇ ತಾರೀಕೇ ಭಾನುವಾರವಾದರೆ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಆರಂಭ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. 2026ರಲ್ಲಿ ನವೆಂಬರ್ 29. 2028ರಲ್ಲಿ ಡಿಸೆಂಬರ್ 3. ಆ ವರ್ಷ ನಾಲ್ಕನೇ ಭಾನುವಾರವೇ 24, ಅಂದರೆ ತಯಾರಿಗೆ ಸುಮಾರು ಒಂದು ವಾರ ಖೋತಾ. ಇದು ಕಾಯುವ ಕಾಲ. ಗುರುಗಳದ್ದು ನೇರಳೆ ಉಡುಪು, ಭಾನುವಾರದ ಬಲಿಪೂಜೆಯಲ್ಲಿ (ಮಾಸ್) ಗ್ಲೋರಿಯಾ ಸ್ತುತಿಗೀತೆ ಇಲ್ಲ. ಮನೆಯಲ್ಲೂ ಮೊದಲ ಭಾನುವಾರ ನಾಲ್ಕು ಮೇಣದಬತ್ತಿಗಳ ಹಸಿರು ಚಕ್ರ ಇಟ್ಟು, ವಾರಕ್ಕೊಂದರಂತೆ ಹೆಚ್ಚಿಸುತ್ತಾ ಹಚ್ಚಿದರೆ ಮಕ್ಕಳ ವರಾತಕ್ಕೂ ಒಂದು ದಾರಿಯಾಯಿತು. ಮೂರನೆಯದು ಗುಲಾಬಿ ಬಣ್ಣದ್ದಿರಲಿ.

ಹೊರಗಿನ ನಕ್ಷತ್ರವನ್ನು ಅಂದೇ ತೂಗಿಸಿದರೂ ತಪ್ಪಿಲ್ಲ ಎಂದು ನನ್ನ ಅಭಿಪ್ರಾಯ. ದಾರಿ ತೋರಿಸುವುದೇ ಅದರ ಕೆಲಸವಲ್ಲವೇ? ಕಾಗದದ್ದಾದರೆ ಮಾಡಿನ ಒಳಗೇ ಕಟ್ಟಿ, ಇಲ್ಲವಾದರೆ ಡಿಸೆಂಬರಿನ ಇಬ್ಬನಿಗೆ ತುದಿಗಳು ಜೋತುಬೀಳುತ್ತವೆ. ಹಳೆಯ ಕಾಲದ ತಂತಿ ಬಲ್ಬು ಬೇಡ, ಕಾಗದ ಕರಕಾಗುತ್ತದೆ. ಐದು ವ್ಯಾಟಿನ ಎಲ್‌ಇಡಿ ಸಾಕು.

ಅಡುಗೆಮನೆ ಮಾತ್ರ ಆಗಮನ ಕಾಲಕ್ಕೆ ಕಾಯುವುದಿಲ್ಲ. ಕೇಕಿನ ಒಣಹಣ್ಣು ಅಕ್ಟೋಬರ್ ಕೊನೆಗೇ ರಮ್‌ನಲ್ಲಿ ನೆನೆಯಬೇಕು. ಗಾಜಿನ ಭರಣಿಯಲ್ಲಿ ಹಣ್ಣಿನ ಮೇಲೆ ಒಂದು ಬೆರಳು ರಮ್ ನಿಂತಿರಲಿ, ಒಣ ಚಮಚದಿಂದಲೇ ಕೈಯಾಡಿಸಿ. ಡಿಸೆಂಬರ್ 10ರ ಸುಮಾರಿಗೆ ಬೇಕ್ ಮಾಡುವಾಗ ಹಣ್ಣನ್ನು ಸೋಸಿ, ಮೈದಾದಲ್ಲಿ ಹೊರಳಿಸಿ ಹಾಕಿ. ಹಸಿಯಾಗಿ ಹಾಕಿದರೆ ಎಲ್ಲವೂ ತಳ ಸೇರುತ್ತದೆ.

ಕುಸ್ವಾರ್‌ನಲ್ಲಿ, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳಲ್ಲಿ, ಆಗುವ ಎಡವಟ್ಟೆಂದರೆ ಎಲ್ಲವನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸುವುದು. ತುಕ್ಡಿ (ಕರಿದ ಮೈದಾ ತುಂಡುಗಳು), ಕಿಡಿಯೊ (ಪಾಕ ಹಿಡಿಸಿದ ಕರಿದ ಸುರುಳಿಗಳು) 12ರ ನಂತರ ಮಾಡಬಹುದು. ಕಿಡಿಯೊವನ್ನು ಮಧ್ಯಮ ಉರಿಯಲ್ಲೇ ಕರಿಯಿರಿ; ಉರಿ ಜೋರಾದರೆ ಹೊರಗೆ ಕೆಂಪು, ಒಳಗೆ ಹಸಿ, ಎರಡೇ ದಿನಕ್ಕೆ ಮೆತ್ತಗೆ. ಒಂದು ಕೆಜಿ ಮೈದಾದ್ದಕ್ಕೆ ಅರ್ಧ ಕೆಜಿ ಸಕ್ಕರೆಯ ಗಟ್ಟಿ ಪಾಕ ಹಿಡಿಯುತ್ತದೆ. ಪಾಕ ಬಿಳಿ ಪುಡಿಯಂತೆ ಒಣಗುವ ತನಕ ಡಬ್ಬಿಗೆ ತುಂಬಬೇಡಿ. ನೆವ್ರಿ (ಹೂರಣದ ಕರ್ಜಿಕಾಯಿ) ಕೊನೆಗೆ, 19ರ ಮೇಲೆ. ಹೂರಣದ ಕಾಯಿತುರಿಯಲ್ಲಿ ತೇವ ಉಳಿದರೆ ಮೊದಲು ಹೊದಿಕೆ ಮೆತ್ತಗಾಗುತ್ತದೆ, ಆಮೇಲೆ ಕಮಟು ವಾಸನೆ. ಸಣ್ಣ ಉರಿಯಲ್ಲಿ ತುರಿ ಕೈಗೆ ಗರಿಗರಿ ಎನಿಸುವಷ್ಟು ಹುರಿದು, ಪೂರ್ತಿ ಆರಿದ ಮೇಲೆ ಎಳ್ಳು, ಸಕ್ಕರೆ ಬೆರೆಸಿ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟಲು 17 ಒಳ್ಳೆಯ ದಿನ. ಆಗಮನ ಕಾಲದ ಪ್ರಾರ್ಥನೆಗಳು ಅಂದಿನಿಂದ ನೇರವಾಗಿ ಜನನದ ಕಡೆ ತಿರುಗುತ್ತವೆ. ಆದರೆ ಅದರ ಗದ್ದೆಗೆ ಭತ್ತ 10ರಂದೇ ನೆನೆಯಬೇಕು: ಒಂದು ದಿನ ನೀರಿನಲ್ಲಿ, ಎರಡು ದಿನ ಒದ್ದೆ ಗೋಣಿಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ತಟ್ಟೆಯ ಒಂದು ಇಂಚು ಮಣ್ಣಿನ ಮೇಲೆ ಒತ್ತೊತ್ತಾಗಿ ಹರಡಿ. ತಟ್ಟೆ ಬಿಸಿಲು ಬೀಳುವ ಜಗಲಿಯಲ್ಲೇ ಬೆಳೆಯಲಿ. ಮೊದಲೇ ಗೋದಲಿಯೊಳಗಿಟ್ಟರೆ ಬೆಳಕಿಲ್ಲದೆ ಹಳದಿಯಾಗಿ ಮಲಗಿಬಿಡುತ್ತದೆ. 23ಕ್ಕೆ ಒಳಗೆ ತನ್ನಿ. ಬಾಲಯೇಸುವಿನ ಮೂರ್ತಿ 24ರ ರಾತ್ರಿ ಪೂಜೆಯಿಂದ ಬಂದ ಮೇಲೆಯೇ. ಬಾಲಯೇಸುವನ್ನು ಕಾಣಲು ಬಂದ ಮೂವರು ರಾಜರ ಮೂರ್ತಿಗಳನ್ನು ದೂರದ ಕಪಾಟಿನ ಮೇಲಿಟ್ಟು, ದಿನಕ್ಕಿಷ್ಟು ಮುಂದೆ ಸರಿಸಿ.

26ಕ್ಕೇ ಎಲ್ಲ ಬಿಚ್ಚಿಡುವ ಆತುರ ಬೇಡ, ಆಚರಣೆಯ ಕಾಲ ಆಗಷ್ಟೇ ಶುರುವಾಗಿರುತ್ತದೆ. ಅದು ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೆ, ಅಂದರೆ 2027ರಲ್ಲಿ ಜನವರಿ 10ರವರೆಗೆ. ಅಷ್ಟು ದಿನ ಪೈರು ಹಸಿರಾಗಿ ಉಳಿಯದು. ಡಿಸೆಂಬರ್ 20ಕ್ಕೆ ಇನ್ನೊಂದು ತಟ್ಟೆಗೆ ಭತ್ತ ನೆನೆಹಾಕಿದರೆ, ರಾಜರ ಹಬ್ಬವಾದ ಜನವರಿ 3ರ ಭಾನುವಾರ ಅವರು ಗೋದಲಿ ತಲುಪುವಾಗ ಹಳೆಯದನ್ನು ತೆಗೆದು ಹೊಸದನ್ನು ಇಡಬಹುದು.