ಆಡು ಮುಟ್ಟದ ಸೊಪ್ಪು ಸಿಕ್ಕಿತು

ಇದು ಚಿಂತಾಮಣಿ ಹತ್ತಿರ ನಮ್ಮ ಅತ್ತೆ ಮನೆ ಹಿತ್ತಲು. ಏಪ್ರಿಲ್ ತಿಂಗಳು. ಬದುವಿನ ಮೇಲೆ ಹಸಿರು ಗರಿಕೆ ಹುಡುಕಿದರೂ ಸಿಗಲ್ಲ. ಹಸಿರಿದ್ದರೆ ಮರದ ಮೇಲೆ ಮಾತ್ರ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ ಅಲ್ವಾ? ಅದನ್ನೇ ನಂಬಿ ನಿನ್ನೆ ಬೇಲಿಯಿಂದ ಒಂದು ಹೊರೆ ಗೊಬ್ಬರದ ಗಿಡದ ಸೊಪ್ಪು ಕಡಿದು ತಂದೆ. ಅದೇ, ಗ್ಲಿರಿಸಿಡಿಯಾ. ಆಗ ಈ ಕರಿ ಮೇಕೆ ಮಾಡಿದ್ದು ನೋಡಿ. ಮೂಸಿತು. ಮೂತಿ ತಿರುಗಿಸಿತು. ಇನ್ನೊಂದು ಸಲ ಮೂಸಿ, ಸೀನಿ, ಹೊರಟೇ ಹೋಯಿತು!

ಅತ್ತೆ ನಗುತ್ತಾ ಬಂದರು. "ಹಸೀದು ಹಾಕಿದ್ರೆ ತಿನ್ನುತ್ತೇನೋ? ಬಾಡಿಸ್ಬೇಕು ಕಣೋ."

ವಾಸನೆಯೇ ತೊಂದರೆಯಂತೆ. ನೆರಳಲ್ಲಿ ತೆಳ್ಳಗೆ ಹರಡಿ ಒಂದು ರಾತ್ರಿ ಬಿಟ್ಟರೆ ಘಾಟು ಇಳಿಯುತ್ತದೆ. ಆದರೆ ರಾಶಿ ಹಾಕಿ ಬೂಷ್ಟು ಹಿಡಿಸಬಾರದು, ಆಗ ಅದು ವಿಷ. ಅಂದ ಹಾಗೆ, ಲ್ಯಾಟಿನ್‌ನಲ್ಲಿ ಈ ಗಿಡದ ಹೆಸರಿನ ಅರ್ಥವೇ ಇಲಿ ಕೊಲ್ಲುವುದು. ಇದರ ಬೀಜ, ತೊಗಟೆಯನ್ನು ಇಲಿ ಪಾಷಾಣವಾಗಿ ಬಳಸುತ್ತಿದ್ದರು.

ಅದೇ ಸುಬಾಬುಲ್ ಅನ್ನೋ ಮೇವಿನ ಮರದ ಸೊಪ್ಪು ಹಾಕಿ ನೋಡಿ, ಮೇಕೆಗಳು ಮೈಮೇಲೇ ಬೀಳುತ್ತವೆ. ರಾಗಿ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3–4 ಭಾಗ. ಸುಬಾಬುಲ್ ಸೊಪ್ಪನ್ನು ಒಣಗಿಸಿ ಅಳೆದರೆ 20ಕ್ಕೂ ಮೇಲೆ. ಹಾಗಂತ ಅದೊಂದನ್ನೇ ಹಾಕಿದರೆ ಕೂದಲು ಉದುರುತ್ತದೆ, ಗಂಟಲ ಗ್ರಂಥಿ ಊದುತ್ತದೆ. ಆ ಸೊಪ್ಪಿನಲ್ಲಿರುವ ಮೈಮೋಸಿನ್ ಅನ್ನೋ ವಸ್ತುವಿನ ಕೆಲಸ ಅದು. ಆಸ್ಟ್ರೇಲಿಯಾದ ದನಗಳಿಗೆ ಹೀಗೇ ಆಗಿತ್ತು. ಹವಾಯಿಯ ಮೇಕೆಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ರೇಮಂಡ್ ಜೋನ್ಸ್ ಅನ್ನೋ ವಿಜ್ಞಾನಿ ಹುಡುಕಿದಾಗ ಗುಟ್ಟು ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದಲ್ಲಿತ್ತು. ಅದನ್ನು ದನಗಳ ಹೊಟ್ಟೆಗೂ ಸೇರಿಸಿದರು. ಇವರಪ್ಪನ, ಎಂಥಾ ಐಡಿಯಾ! ಅಷ್ಟೆಲ್ಲಾ ನಮ್ಮಿಂದ ಆಗಲ್ಲ. ಸುಬಾಬುಲ್ ಅನ್ನು ಮೇವಿನ ಮೂರನೇ ಒಂದು ಪಾಲು ದಾಟಿಸದಿದ್ದರೆ ಸಾಕು.

ಈಗ ಇವತ್ತಿನ ಬೆಳಗ್ಗೆ. ಬಾಡಿದ ಸೊಪ್ಪಿಗೆ ಒಂದಿಷ್ಟು ಹಲಸಿನ ಎಲೆ ಸೇರಿಸಿ ಅತ್ತೆ ಕಟ್ಟು ಮಾಡುತ್ತಿದ್ದಾರೆ. ಕಟ್ಟನ್ನು ನೆಲಕ್ಕೆ ಹಾಕಲ್ಲ, ಮೇಕೆ ಕತ್ತೆತ್ತುವ ಎತ್ತರಕ್ಕೆ ತೂಗುಹಾಕುತ್ತಾರೆ. ತುಳಿದು ಗಲೀಜಾದದ್ದನ್ನು ಇವು ಮೂಸಿಯೂ ನೋಡಲ್ಲ. ಅಷ್ಟು ಜಂಬ.

ಕರಿ ಮೇಕೆ ಬಂತು. ಮೊದಲು ಹಲಸು. ಒಂದೊಂದೇ ಎಲೆ, ತೊಟ್ಟಿನಿಂದ ಚಟ್ ಅಂತ ಕಿತ್ತು. ಹಲಸು ಮುಗಿದ ಮೇಲೆ ನನ್ನ ಕಡೆ ಒಂದು ಸಲ ನೋಡಿ, ನಿನ್ನೆ ಬೇಡ ಅಂದಿದ್ದಕ್ಕೂ ಬಾಯಿ ಹಾಕಿತು.

ಉಳಿದ ಕಡ್ಡಿಗಳನ್ನು ಅತ್ತೆ ಗೋಡೆಗೆ ಒರಗಿಸಿದ್ದಾರೆ. ಒಣಗಿದ ಮೇಲೆ ಹಂಡೆ ಒಲೆಗೆ.