ಪದೇ ಪದೇ ಕಣ್ಣು ಕತ್ತಲೆ ಬಂದು ಬೀಳುವವರಿಗೆ

ಕೇಳುಗರೇ, ನಮಸ್ಕಾರ.

ಮದುವೆ ಮನೆ. ಜನ ಜಾಸ್ತಿ, ಸೆಕೆ. ನಿಂತಿದ್ದ ಹುಡುಗಿ ಬೆವರಿ, ಬಿಳಿಚಿಕೊಂಡು ಕುಸಿಯುತ್ತಾಳೆ. ಒಬ್ಬರು ಕೈಗೆ ಬೀಗದ ಕೈ ಕೊಡುತ್ತಾರೆ, ಇನ್ನೊಬ್ಬರು ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. ಅದೇನೂ ಬೇಡ. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿಯಿರಿ. ಸಾಮಾನ್ಯವಾಗಿ ಬೇಗನೆ ಕಣ್ಣು ಬಿಡುತ್ತಾರೆ.

ಹೃದಯದ ಓಟಕ್ಕೆ ಲಗಾಮು ಹಾಕುವ ನರ ವೇಗಸ್. ಕೆಲವರಲ್ಲಿ ರಕ್ತ ಕಂಡಾಗ, ತುಂಬಾ ಹೊತ್ತು ನಿಂತಾಗ, ನೋವಾದಾಗ ಅದು ಅತಿಯಾಗಿ ಬಿಗಿಯುತ್ತದೆ. ಬಡಿತ ನಿಧಾನವಾಗುತ್ತದೆ, ಕೆಲವು ಸೆಕೆಂಡು ನಿಂತೇ ಹೋಗುವುದೂ ಉಂಟು. ಜೊತೆಗೆ ಬಿ.ಪಿ.ಯೂ ಇಳಿಯುತ್ತದೆ.

ಹೆಚ್ಚಿನವರಿಗೆ ಚೆನ್ನಾಗಿ ನೀರು ಕುಡಿಯುವುದು, ತಲೆ ಸುತ್ತಿದ ಕೂಡಲೇ ಕೂತುಬಿಡುವುದು, ಇಷ್ಟೇ ಸಾಕು. ಆದರೆ ಇಷ್ಟು ಮಾಡಿಯೂ ಬಿದ್ದು ಹಲ್ಲು ಮುರಿದುಕೊಳ್ಳುವವರು, ಬಸ್ಸು ಹತ್ತಲೂ ಹೆದರುವವರು ಇದ್ದಾರೆ. ಅಂಥವರಿಗೆಂದೇ ಬ್ರೆಜಿಲ್‌ನ ಡಾ. ಪಶೋನ್ ಮತ್ತು ಸಂಗಡಿಗರು 2005ರಲ್ಲಿ ಕಾರ್ಡಿಯೋನ್ಯೂರೋಅಬ್ಲೇಶನ್ ಎಂಬ ಚಿಕಿತ್ಸೆಯನ್ನು ಪ್ರಕಟಿಸಿದರು.

ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳ್ಳಗಿನ ಕೊಳವೆ ತೂರಿಸಿ ಹೃದಯದ ಮೇಲಿನ ಕೋಣೆಗಳಿಗೆ ಹೋಗುತ್ತಾರೆ. ಆ ಕೋಣೆಗಳ ಹೊರಗೋಡೆಯ ಕೊಬ್ಬಿನಲ್ಲಿ ವೇಗಸ್‌ನ ನರಗಂಟುಗಳು ಹುದುಗಿವೆ. ಒಳಗಿಂದಲೇ ಶಾಖ ಕೊಟ್ಟು ಅವನ್ನು ಸುಡುತ್ತಾರೆ. ಎದೆ ಸೀಳುವ ಮಾತೇ ಇಲ್ಲ. ಬಡಿತ ನಿಲ್ಲದಂತೆ ಕಾಯಲು ಎದೆಯಲ್ಲಿ ಇಡುವ ಪೇಸ್‌ಮೇಕರ್ ಯಂತ್ರ ತಪ್ಪಿದರೆ ಬ್ಯಾಟರಿ ಬದಲಿಸುವ ಪಾಡೂ ತಪ್ಪಿತು. ಚಿಕ್ಕ ಪ್ರಾಯದವರಿಗೆ ಇದು ಸಣ್ಣ ಸಂಗತಿಯಲ್ಲ.

ಪೋಲೆಂಡ್‌ನ ವೈದ್ಯರು 48 ಜನರ ಮೇಲೆ ನಡೆಸಿದ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ಮತ್ತೆ ಎಚ್ಚರ ತಪ್ಪಿದವರು ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 8, ಪಡೆಯದವರಲ್ಲಿ 54. ಭರವಸೆ ಹುಟ್ಟಿಸುವ ಲೆಕ್ಕ. ಆದರೂ 48 ಜನ ಕಡಿಮೆಯೇ. ತಮಗೆ ಚಿಕಿತ್ಸೆ ಆಗಿದೆ ಅಂತ ರೋಗಿಗಳಿಗೆ ಗೊತ್ತಿತ್ತು ಕೂಡ. ಆ ಧೈರ್ಯವೂ ಸ್ವಲ್ಪ ಕೆಲಸ ಮಾಡಿರಬಹುದು, ಅಲ್ವಾ?

ಇನ್ನೊಂದು ಮಾತು. ಈ ಚಿಕಿತ್ಸೆ ಸರಿಮಾಡುವುದು ನಿಲ್ಲುವ ಬಡಿತವನ್ನು, ಇಳಿಯುವ ಬಿ.ಪಿ.ಯನ್ನಲ್ಲ. ಹಾಗಾಗಿ ಮೊದಲು ಟಿಲ್ಟ್ ಟೇಬಲ್ ಪರೀಕ್ಷೆ ಬೇಕಾಗಬಹುದು. ಮಂಚಕ್ಕೆ ಬೆಲ್ಟ್ ಕಟ್ಟಿ ಮಲಗಿಸುತ್ತಾರೆ, ನಿಧಾನ ಮಂಚವನ್ನೇ ಎತ್ತಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಹೃದಯದ ಬಡಿತವನ್ನು ಗೆರೆಯಾಗಿ ತೋರಿಸುವ ಇ.ಸಿ.ಜಿ. ಓಡುತ್ತಿರುತ್ತದೆ. ಕೆಲವರಲ್ಲಿ ಕಣ್ಣು ಕತ್ತಲೆ ಬರುವ ಹೊತ್ತಿಗೆ ಆ ಗೆರೆ ಸಪಾಟಾಗುತ್ತದೆ. ಮಂಚ ಇಳಿಸಿದರೆ ಬಡಿತ ಮರಳುತ್ತದೆ. ಈ ಚಿಕಿತ್ಸೆ ಒಗ್ಗಬಹುದಾದವರು ಇಂಥವರು.

ಸುಟ್ಟ ಮೇಲೆ ಸುಮ್ನೆ ಕೂತಾಗಲೂ ಬಡಿತದ ವೇಗ ಮೊದಲಿಗಿಂತ ಜಾಸ್ತಿ ಇರುತ್ತದೆ. ಅಪರೂಪಕ್ಕೆ ರಕ್ತಸ್ರಾವದಂಥ ತೊಂದರೆಯೂ ಆಗಬಹುದು. ಇದನ್ನೆಲ್ಲ ವೈದ್ಯರನ್ನು ಕೇಳಿಯೇ ಒಪ್ಪಿಕೊಳ್ಳಿ.

ಓಡುವಾಗ ಬಿದ್ದರೆ, ಎದೆನೋವಿನ ಜೊತೆ ಬಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನವರು ದಿಢೀರನೆ ತೀರಿಕೊಂಡಿದ್ದರೆ ಅದು ಬೇರೆಯದೇ ಕಾಯಿಲೆ ಇರಬಹುದು. ತಡಮಾಡದೆ ಅವತ್ತೇ ಹೃದಯ ತಜ್ಞರಿಗೆ ತೋರಿಸಿ.