ಕೊಲೆಗಾರನ್ನ ಬಿಡ್ರಿ, ಆ ಹುಡುಗಿನ ನೋಡ್ರಿ

ಕೇಳುಗರೆಲ್ಲಾರಿಗೂ ನಮಸ್ಕಾರ್ರೀ. ಇವತ್ತ ನಾ ಮಾತಾಡಾಕ ಬಂದಿದ್ದು ಒಂದ್ ಇಂಗ್ಲಿಷ್ ಸಿನಿಮಾದ ಬಗ್ಗೆ, ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್ ಅಂತ, 1991ರಾಗ ಬಂದದ್ದು, ಡೈರೆಕ್ಟರ್ ಜೊನಾಥನ್ ಡೆಮಿ. ಅದಕ್ಕ ಮೂಲ 1988ರಾಗ ಥಾಮಸ್ ಹ್ಯಾರಿಸ್ ಬರೆದ ಕಾದಂಬರಿ. ಊಟಕ್ಕ ಕುಂತವರು ಗಾಬರಿ ಆಗಬ್ಯಾಡ್ರಿ, ರಕ್ತದ ಮಾತು ಭಾಳ ತರೂದಿಲ್ಲ.

ಈ ಸಿನಿಮಾ ನೋಡಿದವರನ್ನ ಯಾರನ್ನರ ಕೇಳ್ರಿ, ಹ್ಯಾನಿಬಲ್ ಲೆಕ್ಟರ್ ಒಬ್ಬನ್ನ ನೆನಪಿಟ್ಟಿರ್ತಾರ. ಮನೋರೋಗದ ಡಾಕ್ಟರ್ ಆಗಿದ್ದು ಮನಷ್ಯಾರನ್ನ ತಿಂದಾಂವ, ಗಾಜಿನ ಗ್ವಾಡಿ ಹಿಂದ ನೆಟ್ಟಗ ನಿಂತು ಕಣ್ಣ ಮಿಟಕಿಸದ ಮಾತಾಡತಾನಲ್ಲ, ಅಂವ. ಆಂಥನಿ ಹಾಪ್ಕಿನ್ಸ್ ಆ ಪಾರ್ಟ್ ಮಾಡ್ಯಾರ, ಹತ್ತಹತ್ರ ಎರಡ ತಾಸಿನ ಸಿನಿಮಾದಾಗ ಅವರು ಅರ್ಧ ತಾಸೂ ಇಲ್ಲ, ಆದ್ರೂ ಬೆಸ್ಟ್ ಆಕ್ಟರ್ ಆಸ್ಕರ್ ಹೊಡಕೊಂಡ ಹೋದ್ರು. ಕಾಲೇಜ್ ಗ್ಯಾದರಿಂಗ್‌ನ್ಯಾಗ ಹುಡುಗೂರು ಸ್ಟೇಜ್ ಮ್ಯಾಲ ಅಂವನ್ನ ಮಿಮಿಕ್ರಿ ಮಾಡ್ತಾರ. ನಾಯಕಿ ಕ್ಲಾರಿಸ್ ಸ್ಟಾರ್ಲಿಂಗ್‌ನ ಮಾತ್ರ ಯಾರೂ ಮಾಡೂದಿಲ್ಲ, ನನಗ ಅದ ಬ್ಯಾಸರ, ಯಾಕಂದ್ರ ಇಡೀ ಸಿನಿಮಾ ಇರೋದ ಆಕಿದು.

ಆಕಿ ಇನ್ನೂ ಸ್ಟುಡೆಂಟ್. ಅಮೆರಿಕಾದ ವರ್ಜೀನಿಯಾ ರಾಜ್ಯದ ಕ್ವಾಂಟಿಕೊದಾಗ ಎಫ್‌ಬಿಐ, ಅಂದ್ರ ಅಲ್ಲಿನ ಕೇಂದ್ರ ತನಿಖಾ ದಳದ ಅಕಾಡೆಮಿ ಐತಿ, ಅಲ್ಲಿ ಟ್ರೇನಿಂಗ್ ತಗೋಳಾಕತ್ತಾಳ, ಕೆಲಸ ಇನ್ನೂ ಸಿಕ್ಕಿಲ್ಲ. ಮೊದಲನೇ ಸೀನ್‌ನ್ಯಾಗ ಚಳಿಯೊಳಗ ಒಬ್ಬಾಕಿನ ಅಡವ್ಯಾಗ ಓಡತಾಳ, ಹಗ್ಗ ಹಿಡದ ಏರತಾಳ, ಅಂಗಿ ಬೆವತ ಮೈಗೆ ಅಂಟೈತಿ. ವಿಜಯಪುರದಾಗ ಮುಂಜಾನೆ ಗ್ರೌಂಡ್ ಕಡೆ ಹೋದವರಿಗೆ ಈ ಮಾರಿ ಹೊಸಾದಲ್ಲ, ಪಿಎಸ್ಐ ಪರೀಕ್ಷೆಗಂತ, ಕಾನ್‌ಸ್ಟೇಬಲ್ ಫಿಸಿಕಲ್‌ಗಂತ ಹಳ್ಳಿಯಿಂದ ಬಂದು ರೂಮ್ ಮಾಡಿ ಓದೋ ಹುಡುಗ್ಯಾರು ಹಿಂಗ ಓಡತಿರ್ತಾರ, ಬಾಜೂಕ ಯಾರ್ ನೋಡಾಕತ್ತಾರ ಅಂತ ತಿರುಗಿ ಸೈತ ನೋಡೂದಿಲ್ಲ. ಅಷ್ಟರಾಗ ಆಕಿಗೆ ಸರ್ ಕರಿಯಾಕತ್ತಾರ ಅಂತ ಹೇಳಿಕಳಸ್ತಾರ, ಆಕಿ ಲಿಫ್ಟ್ ಹತ್ತತಾಳ, ಒಳಗ ಸುತ್ತ ಕೆಂಪ ಟೀಶರ್ಟ್ ಹಾಕ್ಕೊಂಡ ಎತ್ತರನ್ನ ಗಂಡ ಹುಡುಗೂರು, ಆಕಿ ಅವರ ಭುಜದ ಮಟಾನೂ ಬರೂದಿಲ್ಲ. ಮಾತ ಒಂದೂ ಇಲ್ಲ, ಆಕಿ ಎಂಥಾ ಕಡೆ ಬಂದಾಳ ಅನ್ನೋದು ತಿಳೀತದ.

ಕರದಾಂವ ಜ್ಯಾಕ್ ಕ್ರಾಫರ್ಡ್, ದೊಡ್ಡ ಆಫೀಸರ್. ಒಂದ್ ಪ್ರಶ್ನೆ ಫಾರ್ಮ್ ಕೈಯಾಗ ಕೊಟ್ಟು, ಜೇಲಿನ್ಯಾಗಿರೋ ಲೆಕ್ಟರ್ ಹತ್ರ ಹೋಗಿ ಇದನ್ನ ತುಂಬಿಸ್ಕೊಂಡ ಬಾ ಅಂತಾನ. ಖರೇ ಕಾರಣ ಬ್ಯಾರೆ. ಹೊರಗ ಬಫಲೋ ಬಿಲ್ ಅಂತ ಒಬ್ಬಾಂವ ಹೆಣ್ಣಮಕ್ಕಳನ್ನ ಹೊತ್ತಕೊಂಡ ಹೋಗಿ ಕೊಲ್ಲಾಕತ್ತಾನ, ಅಂವನ ಸುಳಿವು ಲೆಕ್ಟರ್ ಕಡೆಯಿಂದ ಹೊರಗ ತಗೀಬೇಕು. ಅದನ್ನ ಈ ಹುಡುಗಿಗೆ ಹೇಳೂದಿಲ್ಲ, ಹೇಳಿ ಕಳಿಸಿದ್ರ ಲೆಕ್ಟರ್‌ಗೆ ಒಂದ ಕ್ಷಣಕ್ಕ ಗೊತ್ತಾಗಿಬಿಡತಿತ್ತು ಅಂತ ಆಮ್ಯಾಗ ಸಮಜಾಯಿಷಿ ಕೊಡತಾನ. ಭಾಳ ಮಂದಿ ಕ್ರಾಫರ್ಡ್ ಒಳ್ಳೆ ಗುರು ಅಂತಾರ, ನಾ ಒಪ್ಪೂದಿಲ್ರೀ. ಕಲಿಯಾಕ ಬಂದ ಕೂಸನ್ನ ಗಾಳಕ್ಕ ಸಿಗಸಿ ನೀರಿಗೆ ಬಿಟ್ಟಾನ. ಸ್ಟುಡೆಂಟ್ ಕೈಲೆ ಊರೂರು ಸರ್ವೆ ಮಾಡಿಸಿ ತಮ್ಮ ಹೆಸರ ಹಾಕ್ಕೋಳೋ ಗೈಡ್‌ಗಳು ಎಲ್ಲಾ ದೇಶದಾಗೂ ಅದಾರ ಬಿಡ್ರಿ.

ಆ ಫಾರ್ಮ್ ಪೂರಾ ಕಟ್ಟಕತಿ ಅಲ್ಲ ಮತ್ತ. ಎಫ್‌ಬಿಐದಾಗ 1972ರಾಗ ಬಿಹೇವಿಯರಲ್ ಸೈನ್ಸ್ ಯೂನಿಟ್ ಅಂತ, ಅಪರಾಧಿಗಳ ನಡತಿ ಅಭ್ಯಾಸ ಮಾಡೋ ವಿಭಾಗ ಶುರು ಮಾಡಿದ್ರು, 70ರ ದಶಕದ ಕಡೀಗೆ ರಾಬರ್ಟ್ ರೆಸ್ಲರ್, ಜಾನ್ ಡಗ್ಲಸ್ ಅನ್ನೋ ಅಲ್ಲಿನ ಏಜೆಂಟರು ಜೇಲಿಂದ ಜೇಲಿಗೆ ಹೋಗಿ ಕೊಲೆಗಾರರ ಎದುರ ಕುಂತು ಹಿಂಗ ಪ್ರಶ್ನೆ ಕೇಳಿ ಬರಕೊಂಡ ಬಂದಿದ್ರು. ಬಫಲೋ ಬಿಲ್ ಕಲ್ಪನೆಯ ಮನಷ್ಯಾ ಖರೆ, ಆದ್ರ ಅಂವ ಆಡೋ, ಕೈಗೆ ಸುಳ್ಳ ಪ್ಲಾಸ್ಟರ್ ಕಟ್ಟಕೊಂಡು ಸ್ವಲ್ಪ ಹೆಲ್ಪ್ ಮಾಡ್ರಿ ಅಂತ ಹುಡುಗ್ಯಾರನ್ನ ಗಾಡಿ ಹತ್ರ ಕರಿಯೋ ಆಟ ಟೆಡ್ ಬಂಡಿ ಅನ್ನೋ ಖರೇ ಕೊಲೆಗಾರಂದು.

ಲೆಕ್ಟರ್ ಪುಕ್ಕಟೆ ಏನೂ ಕೊಡೂದಿಲ್ಲ. ಒಂದ್ ಸುಳಿವು ಕೊಟ್ರ ನಿನ್ನ ಸಣ್ಣಂದಿನ ಒಂದ್ ನೆನಪು ಕೊಡು ಅಂತಾನ. ಆಕಿ ಅಪ್ಪ ಸಣ್ಣ ಊರಿನ ಪೊಲೀಸ, ಆಕಿಗೆ ಹತ್ತ ವರ್ಷ ಇದ್ದಾಗ ಡ್ಯೂಟಿಮ್ಯಾಲ ಗುಂಡ ಬಿದ್ದು ಸತ್ತಾನ, ಅವ್ವ ಅದಕ್ಕೂ ಮೊದಲ ಹೋಗ್ಯಾಳ. ಬಂಧುಗಳ ಮನಿಗೆ ಹೋದ್ಲು, ಅಲ್ಲಿ ಒಂದ್ ರಾತ್ರಿ ಕುರಿಮರಿ ಕೊಯ್ಯೋ ಸಪ್ಪಳಕ್ಕ ಎಚ್ಚರಾತು, ದೊಡ್ಡಿ ಬಾಗಲಾ ತಗದ್ರೂ ಅವು ಓಡಲಿಲ್ಲ, ಒಂದ್ ಮರಿ ಎತ್ತಿಕೊಂಡ ಓಡಿದ್ಲು, ಭಾರ ಆತು, ಸಿಕ್ಕಬಿದ್ಲು. ಕುರಿ ಸಾಕಿದವರಿಗೆ ಗೊತ್ತಿರ್ತದ ನೋಡ್ರಿ, ಮರಿ ಕಣ್ಣಿಗೆ ಎಷ್ಟ ಸಣ್ಣದ ಕಾಣಲಿ, ಹತ್ತ ವರ್ಷದ ಕೂಸು ಹೊತ್ತಕೊಂಡ ಎಷ್ಟ ದೂರ ಹೋದೀತು. ಆ ಸೀನ್‌ನ್ಯಾಗ ಕುರಿ ತೋರಿಸೂದಿಲ್ಲ, ಫ್ಲ್ಯಾಶ್‌ಬ್ಯಾಕ್ ಇಲ್ಲ, ಕ್ಲಾರಿಸ್ ಪಾರ್ಟ್ ಮಾಡಿದ ಜೋಡಿ ಫಾಸ್ಟರ್ ಅವರ ಮಾರಿ ಅಷ್ಟ ಪರದೆ ತುಂಬಿರ್ತದ. ಬೆಸ್ಟ್ ಆಕ್ಟ್ರೆಸ್ ಆಸ್ಕರ್ ಆಕಿಗೆ ಬಂತು, ಸಿನಿಮಾ, ಡೈರೆಕ್ಷನ್, ಸ್ಕ್ರೀನ್‌ಪ್ಲೇ, ಹಾಪ್ಕಿನ್ಸ್‌ದು ಹಿಡದು ಒಟ್ಟ 5.

ಕ್ಯಾಮೆರಾದ್ದೊಂದು ಮಾತು ಹೇಳ್ಬೇಕು. ಆಕಿ ಜೋಡಿ ಮಾತಾಡೋ ಗಂಡಸರು ಬಹಳ ಸಲ ನೆಟ್ಟಗ ಲೆನ್ಸಿನ್ಯಾಗ ನೋಡತಾರ, ಅಂದ್ರ ನಮ್ಮನ್ನ ನೋಡತಾರ. ಆಕಿ ನೋಟ ಸ್ವಲ್ಪ ಬಾಜೂಕ ಇರ್ತದ. ಹಿಂಗಾಗಿ ಜೇಲ್ ಡಾಕ್ಟರ್‌ನಿಂದ ಹಿಡದು ಹಳ್ಳಿ ಪೊಲೀಸರ ಮಟಾ ಎಲ್ಲಾರೂ ಮ್ಯಾಲಿಂದ ಕೆಳಗ ನೋಡೋದು ನಮ್ಮ ಮೈಮ್ಯಾಲ ಬಂದಂಗ ಆಗ್ತದ. ಗಂಡಸರಿಗೆ ಅದು ಹೊಸ ಅನುಭವ, ಹೆಣ್ಣಮಕ್ಕಳಿಗೆ ಬಸ್‌ಸ್ಟ್ಯಾಂಡಿನ್ಯಾಗ ದಿನಾ ಇದ್ದದ್ದ.

ಮತ್ತ ಒಂದ್ ಮಜಾ. ಕೊಲೆಯಾದ ಹುಡುಗಿ ಗಂಟಲಾಗ ಒಂದ್ ಪತಂಗದ ಕೋಶ ಸಿಗ್ತದ. ಮ್ಯೂಸಿಯಮ್ಮಿನ ಪಂಡಿತರು ನೋಡಿ, ಇದು ಅಕೆರೋಂಟಿಯಾ ಸ್ಟಿಕ್ಸ್, ಏಷ್ಯಾದ್ದು, ಅಮೆರಿಕಾದಾಗ ಇಲ್ಲ, ತತ್ತಿ ತರಿಸಿ ಸಾಕಿರಬೇಕು ಅಂತಾರ. ಅವರಿಗೆ ಅದು ಬ್ಯಾರೆ ಲೋಕದ ಹುಳ, ಎಳ್ಳ ಬಿತ್ತೋ ನಮ್ಮ ರೈತರಿಗೆ ಅದು ಎಲಿ ತಿನ್ನೋ ಪೀಡೆ, ದಪ್ಪಂದು, ಬಾಲದ ಕಡೆ ಕೊಂಬಿದ್ದದ್ದು. ದೊಡ್ಡದಾಗಿ ಪತಂಗ ಆದಮ್ಯಾಲ ಬೆನ್ನಮ್ಯಾಲ ತಲೆಬುರುಡೆಯಂಥಾ ಗುರ್ತು ಇರ್ತದ, ಮುಟ್ಟಿದ್ರ ಚಿಂವ್ ಅಂತದ, ಜೇನ ಹುಟ್ಟಿಗೆ ನುಗ್ಗಿ ತುಪ್ಪ ಕುಡೀತದ. ನಮ್ಮ ಹೊಲದ ಹುಳ ಹಾಲಿವುಡ್ಡಿನ್ಯಾಗ ಹೆದರಸಾಕ ಹೋಗೇತಿ ನೋಡ್ರಿ.

ಈ ಸಿನಿಮಾದಾಗ ನನಗ ಬರೋಬ್ಬರಿ ಅನಿಸಲಾರದ್ದು ಒಂದ್ ಐತಿ. ಆ ಕೊಲೆಗಾರ ಬಫಲೋ ಬಿಲ್‌ಗೆ ಹೆಂಗಸಾಗೋ ಆಸೆ ಅಂತ ತೋರಿಸ್ಯಾರ. ಅಂವ ಖರೇ ಹಂಗಲ್ಲ ಅಂತ ಲೆಕ್ಟರ್ ಬಾಯಿಲೆ ಒಂದ್ ಮಾತ ಹೇಳಿಸ್ಯಾರ, ಆದ್ರ ನೋಡಿದವರ ತಲ್ಯಾಗ ಉಳಿಯೋದು ಲಿಪ್‌ಸ್ಟಿಕ್ ಹಚ್ಚಿ ಕುಣಿಯೋ ಆ ಸೀನು. 1992ರ ಆಸ್ಕರ್ ದಿನ ಹೊರಗ ಇದ ಸಿಟ್ಟಿಗೆ ಪ್ರತಿಭಟನೆ ಆದ್ವು, ಆಗಬೇಕಿತ್ತು ಕೂಡ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಿ ಬರೋ ನಮಗ ಜೋಗಪ್ಪಗಳು ಅಂದ್ರ ಚೌಡಿಕಿ ಬಾರಿಸೋರು, ಹಾಡೋರು, ಕೈಮುಗಿಸ್ಕೋಳೋರು. ಹೆದರಿಕಿ ತರಸಾಕ ಅಂಥಾ ವೇಷ ಬಳಸೋದು ಸಸ್ತಾ ಕೆಲಸ.

ಕಡೀಗೆ ಕೊಲೆಗಾರನ್ನ ಹುಡಕಿದ್ದು ಹೆಂಗ? ಮೊದಲನೇ ಕೊಲೆ ಆದ ಹುಡುಗಿ ಅಂವಗ ಪರಿಚಯ ಇರಬೇಕು, ದಿನಾ ಕಣ್ಣಿಗೆ ಬೀಳೋದಕ್ಕ ಮನಷ್ಯಾ ಆಸೆ ಪಡತಾನ ಅಂತ ಹಿಡಕೊಂಡು ಕ್ಲಾರಿಸ್ ಆ ಹುಡುಗಿ ಊರಿಗೇ ಹೋಗತಾಳ, ಓಹಾಯೋದಾಗ ಬೆಲ್ವಿಡೇರ್ ಅಂತ. ಮನಿಯೊಳಗ ಕಪಾಟ ತಗದ್ರ ಅರ್ಧ ಹೊಲಿದ ಡ್ರೆಸ್ಸು, ಬ್ಲೌಸಿಗೆ ಟೇಲರ್ ಟಕ್ಸ್ ಹಿಡಿತಾರಲ್ಲ ಹಂಗ ಹಿಡಿಯಾಕ ಗುರ್ತ ಮಾಡಿದ್ದು, ಶಂಕರಪೋಳಿ ಆಕಾರದ ತುಂಡು. ಹೆಣದ ಬೆನ್ನಮ್ಯಾಲೂ ಅದ ಆಕಾರ ಇತ್ತು. ಕೊಲೆಗಾರಗ ಹೊಲಿಗಿ ಬರ್ತದ ಅಂತ ಆಕಿಗೆ ಅಲ್ಲೇ ಹೊಳೀತು. ಅದ ಹೊತ್ತಿಗೆ ಕ್ರಾಫರ್ಡ್ ವಿಮಾನದಾಗ ಬಂದೂಕಿನ ಪಡೆ ಕರಕೊಂಡು ಇನ್ನೊಂದ್ ರಾಜ್ಯದಾಗ ಖಾಲಿ ಮನಿ ಬಾಗಲಾ ಒಡ್ಯಾಕತ್ತಾನ, ಈಕಿ ಒಬ್ಬಾಕಿ ವಿಚಾರಣೆಗಂತ ತಟ್ಟಿದ ಬಾಗಲಾ ಕೊಲೆಗಾರಂದ ಆಗಿತ್ತು.

ಆಮ್ಯಾಲಿಂದು ನೆಲಮಾಳಿಗಿ. ಟ್ರೇನಿಂಗಿನ್ಯಾಗ ಒಂದ್ ಸಲ ಈಕಿ ಬಾಗಲದ ಹಿಂದಿನ ಮೂಲಿ ನೋಡದ ಒಳಗ ಹೋಗಿ, ಸರ್ ಕಡೆಯಿಂದ ನೀ ಸತ್ತಿ ಅಂತ ಬೈಸಿಕೊಂಡಿರ್ತಾಳ. ಈಗ ಕೈ ಥರ ಥರ ನಡಗತಾವ, ಆದ್ರೂ ಒಂದೊಂದ ಬಾಗಲಾ ದೂಡಿ ಮೂಲಿ ಮೂಲಿ ನೋಡಕೋತ ಹೋಗತಾಳ. ಅಷ್ಟರಾಗ ಅಂವ ಕರೆಂಟ್ ತಗದಬಿಡ್ತಾನ. ಅಂವಗ ಕತ್ತಲದಾಗ ಕಾಣೋ ಗಾಗಲ್ ಐತಿ, ಈಕಿಗೆ ಏನೂ ಕಾಣೂದಿಲ್ಲ. ಅಂವ ಕೈ ಚಾಚಿ ಈಕಿ ಕೂದಲಾ ಮುಟ್ಟೋ ಅಷ್ಟ ಹತ್ರ ಬರ್ತಾನ. ಆಮ್ಯಾಗ ಪಿಸ್ತೂಲಿನ ಕುದುರಿ ಎಳದ, ಟಕ್ ಅಂತು, ಈಕಿ ಆ ಸಪ್ಪಳದ ಕಡೆ ತಿರುಗಿ ಗುಂಡ ಹಾರಿಸಿದ್ಲು. ಮಕ್ಕಳನ್ನ ಮಲಗಿಸಿ ನೋಡ್ರಿ, ದೊಡ್ಡವರ ಸಿನಿಮಾ ಅದು. ನನ್ನ ಟೈಮ್ ಮುಗೀತು ಅಂತ ಗಾಜಿನ ಆ ಕಡೆಯಿಂದ ಕೈ ಮಾಡಾಕತ್ತಾರ, ಬರ್ತೀನ್ರಿ, ನಮಸ್ಕಾರ.